ಬೆನ್ನ ಹಿಂದಿನ ಸದ್ದು: ಪುಟ್ಟ ಕೋಣೆಗೆ ಸ್ಪೀಕರ್ ಕೊಳ್ಳುವ ಮುನ್ನ ಒಂದಿಷ್ಟು ಚರಿತ್ರೆ



ನಮ್ಮ ಭಾನುವಾರದ ಕನ್ನಡ ಶಾಲೆಯಲ್ಲಿ ಅಕ್ಷರ ತಿದ್ದಿದ ಎಷ್ಟೋ ಮಕ್ಕಳು ಈಗ ಕೆಲಸಕ್ಕೆ ಸೇರಿ, ಸಿಡ್ನಿಯ ಬೇರೆ ಬೇರೆ ಕಡೆ ಯೂನಿಟ್ ಬಾಡಿಗೆ ಹಿಡಿದಿದ್ದಾರೆ. ಹಬ್ಬದ ಊಟಕ್ಕೆ ಸಿಕ್ಕಾಗ ಅವರು ಕೇಳುವ ಪ್ರಶ್ನೆಗಳೂ ಬದಲಾಗಿವೆ. ಕಾಗುಣಿತದ ಪ್ರಶ್ನೆ ಯಾರೂ ಕೇಳುವುದಿಲ್ಲ. ಕಾರಿನ ಸಾಲ, ಚಳಿಗಾಲದಲ್ಲಿ ಉಬ್ಬದ ಇಡ್ಲಿ ಹಿಟ್ಟು, ಇಂಥವೇ. ಈ ಸಲ ಹೆಚ್ಚು ಜನ ಕೇಳಿದ್ದು ಇದು: “ಆಂಟಿ, ಎರಡನೇ ಬೆಡ್‌ರೂಮನ್ನ ಹೋಮ್ ಥಿಯೇಟರ್ ಮಾಡ್ತಾ ಇದೀವಿ. ಸರೌಂಡ್ ಸ್ಪೀಕರ್ ಅಗ್ಗದ್ದು ತಗೊಂಡ್ರೆ ಸಾಕಾ, ಇಲ್ಲ ದುಬಾರಿದೇ ಬೇಕಾ?”

ಕನ್ನಡ ಎಂ.ಎ. ಓದಿದವಳನ್ನು ಕೇಳುವ ಪ್ರಶ್ನೆಯೇ ಇದು ಎಂದು ನೀವು ನಗಬಹುದು. ಆದರೆ ಅಂಗಡಿಯವರು ಸಾಮಾನ್ಯವಾಗಿ ಹೇಳದ ಒಂದು ಉತ್ತರ ಚರಿತ್ರೆಯಲ್ಲಿದೆ. ಅದನ್ನು ಹೇಳಲು ಎಂಜಿನಿಯರ್ ಆಗಬೇಕಿಲ್ಲ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಬೆನ್ನ ಹಿಂದಿನ ಸ್ಪೀಕರ್ ಅಗ್ಗದ್ದಾದರೆ ಸಾಕು. ಕೈಯಲ್ಲಿರುವ ದುಡ್ಡನ್ನು ಟಿವಿಯ ಕೆಳಗೆ ನಟ್ಟನಡುವೆ ಕೂರುವ ಸ್ಪೀಕರಿಗೆ, ಅಂದರೆ ಮಾತಿನ ಸ್ಪೀಕರಿಗೆ ಹಾಕಿ. ಯಾಕೆ ಎಂದು ತಿಳಿಯಬೇಕಾದರೆ ಸುಮಾರು ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಆ ಕಾಲದ ಎಲ್ಲ ಟಾಕಿಗಳಂತೆ ಅದಕ್ಕೂ ಇದ್ದದ್ದು ಒಂದೇ ಧ್ವನಿಪಟ್ಟಿ. ಸುಲೋಚನೆ ಪರದೆಯ ಎಡಕ್ಕೆ ನಿಂತು ಅತ್ತರೂ, ರಾವಣ ಬಲಕ್ಕೆ ನಿಂತು ಅಬ್ಬರಿಸಿದರೂ ಸದ್ದು ಬರುತ್ತಿದ್ದದ್ದು ಒಂದೇ ಜಾಗದಿಂದ. ಮಾತನಾಡುವ ಬೊಂಬೆಗಳನ್ನು ನೋಡಲು ಬಂದ ಜನಕ್ಕೆ ಅದೊಂದು ಕೊರತೆ ಎನಿಸಿರಲಾರದು.

ಕೊರತೆ ಎನಿಸಿದ್ದು ಲಂಡನ್ನಿನಲ್ಲಿ ಅಲನ್ ಬ್ಲಮ್ಲೈನ್ ಎಂಬ ತರುಣ ಎಂಜಿನಿಯರಿಗೆ. ಒಮ್ಮೆ ಸಿನಿಮಾಕ್ಕೆ ಹೋದಾಗ, ನಟ ಪರದೆಯ ಒಂದು ತುದಿಯಲ್ಲಿದ್ದರೆ ಅವನ ಮಾತು ಇನ್ನೊಂದು ಕಡೆಯಿಂದ ಬರುವುದು ಅವನಿಗೆ ಕಿರಿಕಿರಿ ಮಾಡಿತಂತೆ. 1931ರ ಡಿಸೆಂಬರಿನಲ್ಲಿ ಅವನು ಪೇಟೆಂಟಿಗೆ ಅರ್ಜಿ ಹಾಕಿದ. ಅದರಲ್ಲಿ 70 ಹಕ್ಕುಕೋರಿಕೆಗಳಿದ್ದವು. ಇಂದು ನಾವು ಸ್ಟೀರಿಯೊ ಎನ್ನುವುದರ ಬಹುಪಾಲು ಅದರೊಳಗೇ ಇತ್ತು. 1935ರಲ್ಲಿ ಅವನ ತಂಡ ಪುಟ್ಟ ಪರೀಕ್ಷಾ ಚಿತ್ರಗಳನ್ನೂ ತೆಗೆಯಿತು. ಒಂದರಲ್ಲಿ ಎಂಜಿನಿಯರುಗಳೇ ವೇದಿಕೆಯ ಮೇಲೆ ಅತ್ತಿಂದಿತ್ತ ಮಾತನಾಡುತ್ತ ನಡೆಯುತ್ತಾರೆ, ಇನ್ನೊಂದರಲ್ಲಿ ಹೇಯ್ಸ್ ನಿಲ್ದಾಣದಲ್ಲಿ ರೈಲು ಹಾದುಹೋಗುತ್ತದೆ. ಕಂಪನಿ ಅದನ್ನು ಮಾರುಕಟ್ಟೆಗೆ ತರಲಿಲ್ಲ. ಬ್ಲಮ್ಲೈನ್ 1942ರಲ್ಲಿ, 38ನೆಯ ವಯಸ್ಸಿಗೆ, ರೇಡಾರ್ ಪರೀಕ್ಷಿಸುತ್ತಿದ್ದ ಯುದ್ಧವಿಮಾನ ಬಿದ್ದು ತೀರಿಕೊಂಡ. ಸ್ಟೀರಿಯೊ ಗ್ರಾಮಫೋನ್ ತಟ್ಟೆಗಳು ಅಂಗಡಿಗೆ ಬರುವ ಹೊತ್ತಿಗೆ ಅವನ ಪೇಟೆಂಟಿನ ಅವಧಿಯೇ ಮುಗಿದಿತ್ತು.

ಅದೇ ಸುಮಾರಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹಾರ್ವಿ ಫ್ಲೆಚರ್ ಎಂಬ ವಿಜ್ಞಾನಿ ಬೇರೆ ದಾರಿ ಹಿಡಿದಿದ್ದರು. 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದಲ್ಲಿ ವಾದ್ಯವೃಂದ ನುಡಿಸುತ್ತಿದ್ದರೆ, ಸುಮಾರು 200 ಕಿಲೋಮೀಟರ್ ದೂರದ ವಾಷಿಂಗ್ಟನ್ನಿನ ಸಭಾಂಗಣದಲ್ಲಿ ಖಾಲಿ ವೇದಿಕೆಯ ಮೇಲೆ ಅದು ಕೇಳಿಸಿತು. ವೃಂದದ ನಾಯಕ ಸ್ಟೊಕೊವ್ಸ್ಕಿ ಫಿಲಡೆಲ್ಫಿಯಾದಲ್ಲಿ ಇರಲೇ ಇಲ್ಲ. ವಾಷಿಂಗ್ಟನ್ನಿನಲ್ಲಿ ಕುಳಿತು ಗುಂಡಿ ತಿರುಗಿಸುತ್ತಿದ್ದರು. ಅಲ್ಲಿ ಇದ್ದದ್ದು ಮೂರು ಮೈಕು, ಮೂರು ಟೆಲಿಫೋನ್ ತಂತಿ, ಮೂರು ಸ್ಪೀಕರ್.

ಕಿವಿ ಎರಡೇ ಇರುವಾಗ ಮೂರು ಸ್ಪೀಕರ್ ಯಾಕೆ? ಇಡೀ ಕಥೆ ಇರುವುದೇ ಇಲ್ಲಿ. ಎರಡು ಸ್ಪೀಕರುಗಳ ನಡುವೆ ಸರಿಯಾಗಿ ಮಧ್ಯದಲ್ಲಿ ಕೂತವರಿಗೆ ಮಾತ್ರ ಗಾಯಕ ನಡುವೆ ನಿಂತಂತೆ ಕೇಳುತ್ತದೆ. ಒಂದು ಕುರ್ಚಿ ಎಡಕ್ಕೆ ಸರಿದರೆ ಗಾಯಕನೂ ಎಡದ ಸ್ಪೀಕರಿನೊಳಗೆ ಹೊಕ್ಕುಬಿಡುತ್ತಾನೆ. ಒಬ್ಬರೇ ಹೆಡ್‌ಫೋನ್ ಹಾಕಿಕೊಂಡು ಕೇಳುವುದಾದರೆ ಎರಡು ಸಾಕು. ಅಪ್ಪ, ಅಮ್ಮ, ಅಜ್ಜಿ, ಬಂದ ನೆಂಟರು ಎಲ್ಲ ಒಂದೇ ಸೋಫಾದಲ್ಲಿ ಒತ್ತಿಕೊಂಡು ಕೂರುವ ಮನೆಗೆ ಮೂರನೆಯದು ಬೇಕು. ಸಿನಿಮಾದವರು ಇದನ್ನು ಬೇಗ ಹಿಡಿದುಕೊಂಡರು. ನಡುವಿನ ಸ್ಪೀಕರಿಗೆ ಮಾತು, ಎಡಬಲಕ್ಕೆ ಸಂಗೀತ ಮತ್ತು ಓಡಾಟ ಎನ್ನುವ ಪದ್ಧತಿ ಇವತ್ತಿಗೂ ಹೆಚ್ಚು ಕಡಿಮೆ ಹಾಗೇ ಇದೆ.

ಸ್ಟೊಕೊವ್ಸ್ಕಿ ಇನ್ನೊಮ್ಮೆ ಬರುತ್ತಾರೆ. ಡಿಸ್ನಿಯ ‘ಫ್ಯಾಂಟೇಸಿಯಾ’ 1940ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಬಿಡುಗಡೆಯಾದಾಗ ಅದರ ಸಂಗೀತ ಅವರದ್ದೇ. ಅದಕ್ಕಾಗಿ ‘ಫ್ಯಾಂಟಸೌಂಡ್’ ಎಂಬ ಹೊಸ ವ್ಯವಸ್ಥೆ ಮಾಡಿದರು. ಪರದೆಯ ಹಿಂದೆ ಮೂರು ಚಾನೆಲ್, ಕೆಲವು ಕಡೆ ಪ್ರೇಕ್ಷಕರ ಸುತ್ತಲೂ ಸ್ಪೀಕರುಗಳು. ಉಪಕರಣ ವಿಪರೀತ ದುಬಾರಿ, ಜೋಡಿಸುವುದೇ ಒಂದು ಸಾಹಸ. ಬೆರಳೆಣಿಕೆಯ ಚಿತ್ರಮಂದಿರಗಳಲ್ಲಷ್ಟೇ ಅದು ಕೇಳಿಸಿತು, ಅಷ್ಟರಲ್ಲಿ ಯುದ್ಧದ ಬಿಸಿ ತಟ್ಟಿತು.

ಮುಂದಿನ ಹೆಜ್ಜೆಗೆ ಕಾರಣ ಕಲೆಯಲ್ಲ, ಟಿವಿ. ಐವತ್ತರ ದಶಕದಲ್ಲಿ ಅಮೆರಿಕದ ಜನ ಮನೆಯಲ್ಲೇ ಕೂರಲು ಶುರುಮಾಡಿದಾಗ, ಮನೆಯಲ್ಲಿ ಸಿಗದ್ದನ್ನು ಕೊಡಬೇಕಾಯಿತು. 1952ರಲ್ಲಿ ಸಿನೆರಾಮಾ ಬಂತು, ಅದಕ್ಕೆ ಏಳು ಟ್ರ್ಯಾಕಿನ ಸದ್ದು. 1953ರಲ್ಲಿ ಸಿನೆಮಾಸ್ಕೋಪಿನ ಮೊದಲ ಚಿತ್ರ ‘ದಿ ರೋಬ್’ ಬಂತು, ಅದಕ್ಕೆ ನಾಲ್ಕು. ಮೂರು ಪರದೆಯ ಹಿಂದೆ, ನಾಲ್ಕನೆಯದು ಸಭಾಂಗಣದ ಸ್ಪೀಕರುಗಳಿಗೆ. ಇವತ್ತಿನ ಸರೌಂಡ್ ಚಾನೆಲಿನ ಅಜ್ಜ ಅದು.

ಆ ಅಜ್ಜನ ಕೆಲಸವೇನು ಗೊತ್ತೆ? ಹೆಚ್ಚಿನ ಹೊತ್ತು ಸುಮ್ಮನಿರುವುದು. ನಾಲ್ಕನೆಯ ಟ್ರ್ಯಾಕ್ ತೆಳ್ಳಗಿದ್ದರಿಂದ ಅದರಲ್ಲಿ ಸುಯ್ ಎನ್ನುವ ಸದ್ದು ಜಾಸ್ತಿ. ಏನೂ ಇಲ್ಲದಾಗಲೂ ಹಿಂದಿನಿಂದ ಸುಯ್‌ಗುಟ್ಟಿದರೆ ಜನ ತಿರುಗಿ ನೋಡುತ್ತಾರೆ. ಅದಕ್ಕೆ ಎಂಜಿನಿಯರುಗಳು ಒಂದು ಉಪಾಯ ಮಾಡಿದರು. ಹಿಂದಿನ ಸ್ಪೀಕರ್ ಬೇಕಾದ ಕಡೆ ಮಾತ್ರ ಆ ಟ್ರ್ಯಾಕಿನಲ್ಲಿ 12,000 ಹರ್ಟ್ಸ್‌ನ ಒಂದು ಸಣ್ಣ ಸೀಟಿ ಸೇರಿಸಿದರು. ಸೀಟಿ ಇದ್ದರೆ ಸ್ಪೀಕರ್ ಚಾಲೂ, ಇಲ್ಲದಿದ್ದರೆ ಬಂದ್. ಜನಜಂಗುಳಿ, ಗುಡುಗು, ಸ್ವರ್ಗದ ಗಾನ, ಇಷ್ಟಕ್ಕೆ ಅದನ್ನು ಎಬ್ಬಿಸುತ್ತಿದ್ದರು. ಸಣ್ಣ ಊರಿನ ಚಿತ್ರಮಂದಿರದವರಂತೂ ಇಷ್ಟು ಖರ್ಚು ನಮಗೆ ಬೇಡವೆಂದರು. ಒಂದೇ ವರ್ಷದಲ್ಲಿ ಸ್ಟುಡಿಯೊ ಮಣಿದು, ಹಳೆಯ ಒಂಟಿ ಧ್ವನಿಪಟ್ಟಿಯ ಪ್ರತಿಗಳನ್ನೂ ಕೊಡತೊಡಗಿತು. ಅಗ್ಗದ ಪ್ರಶ್ನೆ ಹೊಸದಲ್ಲ ನೋಡಿ.

ನಮ್ಮ ಕಡೆಗೆ ಈ ಸದ್ದು ದೊಡ್ಡದಾಗಿ ಬಂದದ್ದು ರಾಮನಗರದ ಬಂಡೆಗಳ ದಾರಿಯಾಗಿ. ‘ಶೋಲೆ’ ಹಿಂದಿ ಚಿತ್ರವಾದರೂ ಅದರ ರಾಮಗಢ ಇದ್ದದ್ದು ಬೆಂಗಳೂರು-ಮೈಸೂರು ರಸ್ತೆಯಲ್ಲಿ. ನಿಮ್ಮ ಅಪ್ಪ ಅಮ್ಮನನ್ನು ಕೇಳಿ, ಬಸ್ಸಿನ ಕಿಟಕಿಯಿಂದ ಆ ಬೆಟ್ಟ ತೋರಿಸದ ಹಿರಿಯರಿಲ್ಲ. 1975ರ ಆಗಸ್ಟ್ 15ರಂದು ಬಿಡುಗಡೆಯಾದ ಆ ಚಿತ್ರವನ್ನು 70 ಎಂಎಂಗೆ ಹಿಗ್ಗಿಸಿ, ಸ್ಟೀರಿಯೊ ಸದ್ದು ಕೂಡಿಸಿದ್ದರು. ಅಮಿತಾಭ್ ಚಿಮ್ಮಿದ ನಾಣ್ಯ ಬಿದ್ದ ಸದ್ದು ಕೇಳಿ ಜನ ಕುರ್ಚಿಯ ಕೆಳಗೆ ಹುಡುಕಿದರು ಎಂದು ಹಳಬರು ಕಥೆ ಹೇಳುತ್ತಾರೆ. ಇದ್ದರೂ ಇರಬಹುದು. ಆದರೆ ಗಬ್ಬರ್‌ ಸಿಂಗನ ಮಾತುಗಳನ್ನು ಜನ ಬಾಯಿಪಾಠ ಮಾಡಿದ್ದು, ಕ್ಯಾಸೆಟ್ಟಿನಲ್ಲಿ ಕೊಂಡು ಕೇಳಿದ್ದು ಕಥೆಯಲ್ಲ, ನಿಜ. ನಾಣ್ಯದ ಸದ್ದಿಗೆ ಯಾರೂ ಕ್ಯಾಸೆಟ್ ಕೊಳ್ಳಲಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ಮನೆಗೇ ನಾಲ್ಕು ಸ್ಪೀಕರ್ ಮಾರುವ ಒಂದು ಪ್ರಯತ್ನವೂ ನಡೆಯಿತು. ಅದರ ಹೆಸರು ಕ್ವಾಡ್ರಫೋನಿಕ್. ಒಂದೊಂದು ಕಂಪನಿಯದು ಒಂದೊಂದು ಪದ್ಧತಿ, ಒಬ್ಬರ ತಟ್ಟೆ ಇನ್ನೊಬ್ಬರ ಯಂತ್ರದಲ್ಲಿ ಸರಿಯಾಗಿ ನುಡಿಯದು. ಕೆಲವೇ ವರ್ಷಗಳಲ್ಲಿ ಮುಗಿದುಹೋಯಿತು. ಉಳಿದದ್ದು ಒಂದು ಜಾಣತನ: ಎರಡು ಟ್ರ್ಯಾಕಿನೊಳಗೆ ನಾಲ್ಕು ಚಾನೆಲ್ ಮಡಿಚಿಟ್ಟು, ಆಮೇಲೆ ಬಿಚ್ಚುವ ಲೆಕ್ಕ.

ಆ ಲೆಕ್ಕವನ್ನು ಸಿನಿಮಾಕ್ಕೆ ದುಡಿಸಿಕೊಂಡವರು ರೇ ಡಾಲ್ಬಿಯ ಕಂಪನಿಯವರು. ಡಾಲ್ಬಿ ಅಮೆರಿಕದವರು, ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮಾಡಿದವರು. 1963ರಿಂದ 65ರವರೆಗೆ ಭಾರತದಲ್ಲೇ ಯುನೆಸ್ಕೊ ಪರವಾಗಿ ತಾಂತ್ರಿಕ ಸಲಹೆಗಾರರಾಗಿದ್ದರು. ಇಲ್ಲಿಂದ ಹೋದವರೇ 1965ರಲ್ಲಿ ಲಂಡನ್ನಿನಲ್ಲಿ ಕಂಪನಿ ತೆರೆದರು. 1977ರ ‘ಸ್ಟಾರ್ ವಾರ್ಸ್’ ಮನೆಮಾತು ಮಾಡಿದ ಡಾಲ್ಬಿ ಸ್ಟೀರಿಯೊದಲ್ಲಿ ಎಡ, ನಡು, ಬಲ, ಹಿಂದೆ ಎಂದು ನಾಲ್ಕು ಚಾನೆಲ್. ಎರಡು ಟ್ರ್ಯಾಕಿನಲ್ಲೂ ಒಂದೇ ರೀತಿ ಇರುವ ಸದ್ದು ನಡುವಿನ ಸ್ಪೀಕರಿಗೆ ಹೋಗುತ್ತದೆ. ಒಂದಕ್ಕೊಂದು ತಿರುಗುಮುರುಗಾಗಿ ಇರುವ ಸದ್ದು ಹಿಂದಕ್ಕೆ ಹೋಗುತ್ತದೆ.

ಮಡಿಚಿ ಬಿಚ್ಚುವಾಗ ಸ್ವಲ್ಪ ಸೋರುವುದು ಸಹಜ. ಮುಂದಿನ ಮಾತು ಹಿಂದಕ್ಕೆ ಸೋರಿದರೆ, ಅದರಲ್ಲೂ ಸಕಾರ ಶಕಾರಗಳ ಚೂಪು ಸದ್ದು ಬೆನ್ನ ಹಿಂದೆ ಕೇಳಿದರೆ, ಸಿನಿಮಾ ಕೆಟ್ಟಂತೆಯೇ. ಆದ್ದರಿಂದ ಹಿಂದಿನ ಚಾನೆಲನ್ನು ಎರಡು ರೀತಿಯಲ್ಲಿ ಕಟ್ಟಿಹಾಕಿದರು. 7,000 ಹರ್ಟ್ಸ್‌ಗಿಂತ ಮೇಲಿನ ಸದ್ದನ್ನು ಕತ್ತರಿಸಿದರು. ಎರಡನೆಯದಾಗಿ ಅದನ್ನು ತಡಮಾಡಿ ಕಳಿಸಿದರು, ಮನೆಯಲ್ಲಾದರೆ ಸುಮಾರು 20 ಮಿಲಿಸೆಕೆಂಡ್. ಈ ತಡದ ಹಿಂದೆ ಜರ್ಮನಿಯ ಹೆಲ್ಮುಟ್ ಹಾಸ್ ಎಂಬಾತ 1949ರಲ್ಲಿ ಬರೆದ ಪಿಎಚ್.ಡಿ. ಪ್ರಬಂಧವಿದೆ. ಒಂದೇ ಸದ್ದು ಎರಡು ಕಡೆಯಿಂದ ಸ್ವಲ್ಪ ಹಿಂದುಮುಂದಾಗಿ ಬಂದರೆ, ಮೊದಲು ಮುಟ್ಟಿದ ಕಡೆಯಿಂದಲೇ ಎಲ್ಲವೂ ಬಂತೆಂದು ಕಿವಿ ನಂಬುತ್ತದೆ. ಎರಡನೆಯದು ಕೊಂಚ ಜೋರಾಗಿದ್ದರೂ ಸರಿಯೇ. ಹಬ್ಬದ ದಿನ ಮೊದಲು ಬಂದ ನೆಂಟರಿಗೆ ಸಿಗುವ ಮರ್ಯಾದೆ ಕೊನೆಗೆ ಬಂದವರಿಗೆ ಸಿಗದಲ್ಲ, ಹಾಗೆ.

ಅಂದರೆ ‘ಸ್ಟಾರ್ ವಾರ್ಸ್’ ಕಾಲದ ಸರೌಂಡ್ ಸ್ಪೀಕರ್ ಎಂದರೆ ಮೇಲಿನ ಸ್ವರ ಕತ್ತರಿಸಿದ, ತಡವಾಗಿ ಮಾತನಾಡುವ, ಎಡಬಲ ಎರಡಕ್ಕೂ ಒಂದೇ ಸದ್ದು ಹಂಚಿಕೊಂಡ ಸ್ಪೀಕರ್. 1982ರಲ್ಲಿ ಡಾಲ್ಬಿ ಸರೌಂಡ್ ಎಂಬ ಹೆಸರಿನಲ್ಲಿ ಮನೆಗೆ ಬಂದಾಗಲೂ ಹೀಗೇ ಇತ್ತು. 1987ರಲ್ಲಿ ಪ್ರೊ ಲಾಜಿಕ್ ಬಂದಾಗ ಏನು ಸುಧಾರಿಸಿದರು ಗಮನಿಸಿ. ಹಿಂದಿನ ಸ್ಪೀಕರನ್ನಲ್ಲ, ನಡುವಿನದನ್ನು. ಅಲ್ಲಿಯವರೆಗೆ ಮನೆಯಲ್ಲಿ ಇಲ್ಲದಿದ್ದ ಮಾತಿನ ಸ್ಪೀಕರಿಗೆ ಆಗ ಜಾಗ ಸಿಕ್ಕಿತು.

ಇದರಿಂದ ನಮಗೆ ನೇರವಾಗಿ ತಟ್ಟುವ ಒಂದು ಸಂಗತಿಯಿದೆ. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ ಇವೆಲ್ಲ ಒಂಟಿ ಧ್ವನಿಪಟ್ಟಿಯ ಚಿತ್ರಗಳು. ಎರಡು ಚಾನೆಲಿನಲ್ಲೂ ಒಂದೇ ಸದ್ದು. ನಿಮ್ಮ ರಿಸೀವರಿನಲ್ಲಿ ಸರೌಂಡ್ ಡಿಕೋಡರ್ ಹಾಕಿ ಇವನ್ನು ನೋಡಿದರೆ, ಲೆಕ್ಕದ ಪ್ರಕಾರ ರಾಜಕುಮಾರರ ದನಿ, ಹಾಡು, ಮಳೆ, ಎತ್ತಿನ ಗಂಟೆ ಎಲ್ಲವೂ ಹೋಗುವುದು ನಡುವಿನ ಒಂದೇ ಸ್ಪೀಕರಿಗೆ. ಉಳಿದ ನಾಲ್ಕು ಸುಮ್ಮನೆ ಕೂತಿರುತ್ತವೆ. ಹಳೆಯ ಕನ್ನಡ ಚಿತ್ರ ನೋಡುವ ಮನೆಯಲ್ಲಿ ಹೋಮ್ ಥಿಯೇಟರ್ ಎಂದರೆ ನಡುವಿನ ಆ ಒಂದು ಡಬ್ಬ, ಅಷ್ಟೇ.

ಹೊಸ ಚಿತ್ರಗಳಲ್ಲೂ ಮಾತು ಬರುವುದು ಅಲ್ಲಿಂದಲೇ. ನಿಮ್ಮಲ್ಲಿ ಎಷ್ಟೋ ಜನ ಕನ್ನಡವನ್ನು ಕಣ್ಣಿಗಿಂತ ಕಿವಿಯಿಂದ ಕಲಿತವರು. ಸಾಲು ಓದಲು ತಡವರಿಸಿದರೂ ಅಜ್ಜಿಯ ಬೈಗುಳ ಪೂರ್ತಿ ಅರ್ಥವಾಗುತ್ತದೆ. ಅಂಥವರಿಗೆ ಸ್ಪೀಕರ್ ಬರೀ ಸ್ಪೀಕರಲ್ಲ. ‘ಹಲ್ಲಿ’ ಮತ್ತು ‘ಹಳ್ಳಿ’ಗೆ, ‘ಕಾಲು’ ಮತ್ತು ‘ಕಾಳು’ಗೆ ಇರುವ ವ್ಯತ್ಯಾಸ ನಾಲಿಗೆ ಎಷ್ಟು ಹಿಂದಕ್ಕೆ ಮಡಿಚಿತು ಎನ್ನುವುದಷ್ಟೇ. ಸದ್ದಿನಲ್ಲಿ ಅದು ಎರಡು ಮೂರು ಸಾವಿರ ಹರ್ಟ್ಸ್ ಆಸುಪಾಸಿನ ಸಣ್ಣ ಏರಿಳಿತ. ಫ್ಲೆಚರ್ ಟೆಲಿಫೋನಿಗಾಗಿ ವರ್ಷಗಟ್ಟಲೆ ಅಳೆದು ಕಂಡುಕೊಂಡದ್ದೂ ಇದನ್ನೇ: ಮಾತಿನ ಬಲವೆಲ್ಲ ಸ್ವರಗಳಲ್ಲಿ, ತಿಳಿಯುವಿಕೆ ವ್ಯಂಜನಗಳಲ್ಲಿ. ಬಲ ಕಡಿಮೆ ಇರುವುದನ್ನೇ ಅಗ್ಗದ, ಗವ್ ಎನ್ನುವ ಸೆಂಟರ್ ಸ್ಪೀಕರ್ ಮೊದಲು ನುಂಗುತ್ತದೆ. ‘ಕಾಂತಾರ’ದ ಕರಾವಳಿ ಕನ್ನಡ ನಮ್ಮ ಮೈಸೂರು ಕಡೆಯವರಿಗೇ ಮೊದಲ ಸಲಕ್ಕೆ ಕಷ್ಟ. ಮಾತು ಮುಸುಕಾದರೆ ನೀವು ಇಂಗ್ಲಿಷ್ ಸಬ್‌ಟೈಟಲ್ ಹಾಕುತ್ತೀರಿ, ಕಣ್ಣು ಅಲ್ಲಿಗೆ ಹೋದ ಮೇಲೆ ಕಿವಿ ಕನ್ನಡವನ್ನು ಕೈಬಿಡುತ್ತದೆ. ನಾನು ಸ್ಪೀಕರಿನ ವಿಷಯಕ್ಕೆ ತಲೆಹಾಕಿದ್ದು ಈ ಒಂದು ಕಾರಣಕ್ಕೆ.

ಇಷ್ಟು ಹೇಳಿದಾಗ ತಿಳಿದ ಹುಡುಗರು ಒಂದು ಆಕ್ಷೇಪ ಎತ್ತುತ್ತಾರೆ: “ಆಂಟಿ, ಅದೆಲ್ಲ ಹಳೇ ಕಾಲ. ಈಗ ಹಿಂದಿನ ಚಾನೆಲ್ಲೂ ಪೂರ್ತಿ ಇರುತ್ತೆ.” ನಿಜ. 1979ರ ‘ಅಪೊಕ್ಯಾಲಿಪ್ಸ್ ನೌ’ 70 ಎಂಎಂ ಪ್ರತಿಗಳಲ್ಲಿ ವಾಲ್ಟರ್ ಮರ್ಚ್ ಹಿಂದಿನ ಸದ್ದನ್ನು ಎಡ ಬಲ ಎಂದು ಒಡೆದು, ಹೆಲಿಕಾಪ್ಟರನ್ನು ಸಭಾಂಗಣದ ಸುತ್ತ ಸುತ್ತಿಸಿದರು. 1992ರ ‘ಬ್ಯಾಟ್‌ಮನ್ ರಿಟರ್ನ್ಸ್’ನಿಂದ ಡಾಲ್ಬಿ ಡಿಜಿಟಲ್ ಬಂತು, 1993ರ ‘ಜುರಾಸಿಕ್ ಪಾರ್ಕ್’ನಿಂದ ಡಿಟಿಎಸ್. ಡಿವಿಡಿ ಜೊತೆಗೆ ಅದು ಮನೆಗೂ ಬಂತು. ಹಿಂದಿನ ಎರಡು ಚಾನೆಲುಗಳೂ ಬೇರೆ ಬೇರೆ, ಕತ್ತರಿಯೂ ಇಲ್ಲ. 2012ರಲ್ಲಿ ಆಟ್ಮೋಸ್ ಬಂದ ಮೇಲೆ ತಲೆಯ ಮೇಲಿನಿಂದಲೂ ಸದ್ದು.

ಆದರೆ ಜಾಗ ಸಿಕ್ಕಿತೆಂದು ಕೆಲಸ ಬದಲಾಗಲಿಲ್ಲ. ಇವತ್ತಿಗೂ ಹಿಂದಿನಿಂದ ಬರುವುದು ಬಹುಪಾಲು ಮಳೆ, ಜಾತ್ರೆಯ ಗದ್ದಲ, ಹಾಡಿನ ಗುಂಗು, ಆಗೊಮ್ಮೆ ಈಗೊಮ್ಮೆ ಹಾರಿಹೋಗುವ ಬಾಣ. ಕಥೆ ನಡೆಯುವುದು ಮುಂದೆ. ಇನ್ನೊಂದು ವಿಷಯ: 5.1 ಎನ್ನುವುದರಲ್ಲಿ ಆ ‘ಪಾಯಿಂಟ್ ಒನ್’ ಗುಡುಗಿನಂಥ ಕೆಳಸದ್ದಿನ ಪಾಲು. ಈ ಹೆಸರಿನ ಹಿಂದಿರುವ ಟಾಮ್ಲಿನ್ಸನ್ ಹೋಲ್ಮನ್ ಟಿಎಚ್‌ಎಕ್ಸ್ ಪದ್ಧತಿಯನ್ನು ರೂಪಿಸಿದವರು. ಅದರಲ್ಲಿ 80 ಹರ್ಟ್ಸ್ ಕೆಳಗಿನದ್ದನ್ನೆಲ್ಲ ಸಬ್‌ವೂಫರಿಗೆ ಒಪ್ಪಿಸಿದರು, ಯಾಕೆಂದರೆ ಅಷ್ಟು ಕೆಳಗಿನ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಗೆ ಗೊತ್ತಾಗದು. ಈ ಒಂದು ನಿರ್ಧಾರದಿಂದ ಉಳಿದ ಐದು ಸ್ಪೀಕರುಗಳ ಹೆಗಲ ಮೇಲಿನ ಭಾರವೇ ಇಳಿಯಿತು. ಗುಡುಗಬೇಕಿಲ್ಲದ ಸ್ಪೀಕರ್ ಚಿಕ್ಕದಿರಬಹುದು, ಚಿಕ್ಕದು ಅಗ್ಗವಾಗಬಹುದು.

ಚಿಕ್ಕ ಡಬ್ಬ ಚೆನ್ನಾಗಿ ನುಡಿಯಬಲ್ಲದು ಎಂಬುದಕ್ಕೂ ಒಂದು ಚರಿತ್ರೆಯಿದೆ, ಅದರ ಅರ್ಧ ನಮ್ಮ ಸಿಡ್ನಿಯದು. ಹಿಂದೆ ಒಳ್ಳೆಯ ಕೆಳಸದ್ದು ಬೇಕಾದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿದರು. ಸೈಕಲ್ ಪಂಪಿನ ಬಾಯಿ ಮುಚ್ಚಿ ಒತ್ತಿದರೆ ವಾಪಸ್ ತಳ್ಳುತ್ತದಲ್ಲ, ಅದೇ. ಪುಸ್ತಕದ ಕಪಾಟಿನಲ್ಲಿ ಕೂರುವ ಸ್ಪೀಕರ್ ಹೀಗೆ ಹುಟ್ಟಿತು. ತೂತಿರುವ ಪೆಟ್ಟಿಗೆಗಳನ್ನು ಮಾತ್ರ ಇನ್ನೂ ಹದ ನೋಡಿ ನೋಡಿ ಮಾಡುತ್ತಿದ್ದರು, ಅಳತೆಯಿಲ್ಲದೆ ಒಗ್ಗರಣೆ ಹಾಕಿದ ಹಾಗೆ. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್ ಅದಕ್ಕೆ ಲೆಕ್ಕ ಬರೆದರು. ಹತ್ತು ವರ್ಷ ಹೊರಗೆ ಯಾರೂ ಹೆಚ್ಚು ಗಮನಿಸಲಿಲ್ಲ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿ, ಎಪ್ಪತ್ತರ ದಶಕದ ಆರಂಭದಲ್ಲಿ ಪ್ರಕಟಿಸಿದರು. ಪ್ರಪಂಚದ ಯಾವ ಸ್ಪೀಕರ್ ತಯಾರಕರನ್ನು ಕೇಳಿದರೂ ‘ಥೀಲ್-ಸ್ಮಾಲ್’ ಅಂಕಿಗಳು ಎಂದರೆ ಗೊತ್ತು. ಲೆಕ್ಕ ಎಲ್ಲರ ಕೈಗೂ ಸಿಕ್ಕ ಮೇಲೆ, ಒಳ್ಳೆಯ ಪೆಟ್ಟಿಗೆ ಮಾಡುವುದು ಹಳೆಯ ದೊಡ್ಡ ಮನೆತನಗಳ ಗುಟ್ಟಾಗಿ ಉಳಿಯಲಿಲ್ಲ.

ಬೆಲೆ ಮತ್ತು ಗುಣದ ನಂಟನ್ನು ನಿಜವಾಗಿ ಬಿಡಿಸಿದವರು ಕೆನಡಾದ ಫ್ಲಾಯ್ಡ್ ಟೂಲ್. ಒಟ್ಟಾವಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಅವರು ಸ್ಪೀಕರುಗಳನ್ನು ಪರದೆಯ ಹಿಂದೆ ಬಚ್ಚಿಟ್ಟು ಜನರಿಗೆ ಕೇಳಿಸಿದರು. ಹೆಸರು ಕಾಣದಾಗ ಬಹುತೇಕ ಎಲ್ಲರೂ ಮೆಚ್ಚಿದ್ದು ಒಂದೇ ಬಗೆಯದನ್ನು: ಮಂದ್ರದಿಂದ ತಾರದವರೆಗೆ ಎಲ್ಲೂ ಉಬ್ಬುತಗ್ಗಿಲ್ಲದೆ ಸಮನಾಗಿ ನುಡಿಯುವುದನ್ನು. 1994ರಲ್ಲಿ ಅವರೂ ಷಾನ್ ಆಲಿವ್ ಅವರೂ ಸೇರಿ ಪ್ರಕಟಿಸಿದ ಪ್ರಯೋಗ ಇನ್ನೂ ತಮಾಷೆಯದು. ತಮ್ಮದೇ ಕಂಪನಿಯ ನೌಕರರಿಗೆ ಅವೇ ಸ್ಪೀಕರುಗಳನ್ನು ಕಣ್ಣಿಗೆ ಕಾಣುವಂತೆ ಒಮ್ಮೆ, ಕಾಣದಂತೆ ಒಮ್ಮೆ ಕೇಳಿಸಿದರು. ಅದರಲ್ಲಿ ಪುಟ್ಟ, ಅಗ್ಗದ, ಪ್ಲಾಸ್ಟಿಕ್ಕಿನ ಒಂದು ಸೆಟ್ ಇತ್ತು. ಕಾಣದಿದ್ದಾಗ ಒಳ್ಳೆಯ ಅಂಕ ಪಡೆದ ಅದು, ಕಂಡ ಕೂಡಲೇ ಕೆಳಗಿಳಿಯಿತು. ಸೀರೆ ಅಂಗಡಿಯಲ್ಲಿ ಬೆಲೆಯ ಚೀಟಿ ನೋಡಿದ ಮೇಲೆ ಬಣ್ಣ ಇನ್ನಷ್ಟು ಚೆನ್ನಾಗಿ ಕಾಣುವುದನ್ನು ನಾವೇನು ಕಂಡಿಲ್ಲವೇ!

ಸರಿ, ಕೋಣೆಯ ವಿಷಯಕ್ಕೆ ಬರೋಣ. ದುಡ್ಡು ಕೊಡದೆ ಸಿಗುವ ಸುಧಾರಣೆಯೆಲ್ಲ ಇರುವುದು ಇಲ್ಲಿ. 1895ರಲ್ಲಿ ಹಾರ್ವರ್ಡಿನ ಹೊಸ ಉಪನ್ಯಾಸ ಕೊಠಡಿಯಲ್ಲಿ ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಂದು ಪದ ನುಡಿದರೆ ಐದೂವರೆ ಸೆಕೆಂಡ್ ಅನುರಣಿಸುತ್ತಿತ್ತು. ವಾಲೆಸ್ ಸಬೈನ್ ಎಂಬ ತರುಣ ಪ್ರಾಧ್ಯಾಪಕರಿಗೆ ಸರಿಮಾಡಲು ಹೇಳಿದರು. ಅವರು ಮಾಡಿದ್ದೇನೆಂದರೆ, ಪಕ್ಕದ ರಂಗಮಂದಿರದಿಂದ ರಾತ್ರಿ ಕುರ್ಚಿಯ ದಿಂಬುಗಳನ್ನು ಹೊತ್ತು ತಂದು ಕೊಠಡಿಯಲ್ಲಿ ಹರಡಿ, ಆರ್ಗನ್ನಿನ ಕೊಳವೆ ಊದಿ, ಗಡಿಯಾರ ಹಿಡಿದು ಸದ್ದು ಎಷ್ಟು ಹೊತ್ತಿಗೆ ಆರುತ್ತದೆ ಎಂದು ಅಳೆಯುವುದು. ಬೆಳಗಾಗುವುದರೊಳಗೆ ದಿಂಬುಗಳನ್ನು ವಾಪಸ್ ಇಡಬೇಕು. ಸಭಾಂಗಣದ ಧ್ವನಿಶಾಸ್ತ್ರ ಶುರುವಾದದ್ದು ದಿಂಬುಗಳಿಂದ. ಬರಿಗೋಡೆ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ವಿಜಯಪುರದ ಗೋಲಗುಂಬಜಕ್ಕೆ ಹೋಗಿ ಚಪ್ಪಾಳೆ ತಟ್ಟಿ ನೋಡಿ. ಮತ್ತೆ ಮತ್ತೆ ಮರಳಿ ಬರುವ ಅದರ ಸದ್ದು ಸೊಗಸೇ, ಆದರೆ ಅಲ್ಲಿ ಕೂತು ಯಾರ ಭಾಷಣವನ್ನೂ ಕೇಳಲಾಗದು.

ನಿಮ್ಮ ಬೆಡ್‌ರೂಮು ಸಣ್ಣ ಗೋಲಗುಂಬಜ. ಟೈಲ್ಸ್ ನೆಲ, ಬರಿಗೋಡೆ, ದೊಡ್ಡ ಕಿಟಕಿ. ನೆಲಕ್ಕೊಂದು ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಗೋಡೆಗೆ ಪುಸ್ತಕ ತುಂಬಿದ ಕಪಾಟು ಇಟ್ಟರೆ ಮಾತು ತಿಳಿಯಾಗುತ್ತದೆ. ಕೋಣೆಯ ಉದ್ದ ಮೂರೂವರೆ ಮೀಟರ್ ಇದ್ದರೆ ಸುಮಾರು 49 ಹರ್ಟ್ಸ್‌ನ ಸದ್ದು ಗೋಡೆಯಿಂದ ಗೋಡೆಗೆ ಸರಿಯಾಗಿ ಕೂತು ಗುಂಯ್‌ಗುಡುತ್ತದೆ. ಸಬ್‌ವೂಫರ್ ಮೂಲೆಯಲ್ಲಿದ್ದರೆ ಇನ್ನೂ ಜಾಸ್ತಿ. ಅರ್ಧ ಮೀಟರ್ ಅತ್ತಿತ್ತ ಸರಿಸಿ ನೋಡುವುದಕ್ಕೆ ಖರ್ಚಿಲ್ಲ. ಕೆಳಗಿನ ಮನೆಯವರೂ ನೆಮ್ಮದಿಯಾಗಿರುತ್ತಾರೆ.

ಹಿಂದಿನ ಸ್ಪೀಕರುಗಳನ್ನು ನಿಜಕ್ಕೂ ಹಿಂದೆ ಇಡಬೇಕಾಗಿಲ್ಲ. 1992ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಮಾಡಿದ ಶಿಫಾರಸಿನಲ್ಲಿ ಅವುಗಳ ಜಾಗ, ನೇರ ಮುಂದನ್ನು ಸೊನ್ನೆ ಎಂದು ಹಿಡಿದರೆ, 100ರಿಂದ 120 ಡಿಗ್ರಿ. ಅಂದರೆ ಕಿವಿಯ ಪಕ್ಕ, ಕೊಂಚ ಹಿಂದಕ್ಕೆ. ಸೋಫಾ ಗೋಡೆಗೆ ತಾಗಿದ್ದರೂ ಪಕ್ಕದಲ್ಲಿ ಜಾಗ ಸಿಗುತ್ತದೆ. ಗೋಡೆಗೆ ಮೊಳೆ ಹೊಡೆದು ಬಾಂಡ್ ಹಣ ಕಳೆದುಕೊಳ್ಳುವ ಬದಲು ಎತ್ತರದ ಸ್ಟ್ಯಾಂಡ್ ಕೊಳ್ಳಿ, ಕಿವಿಗಿಂತ ಸ್ವಲ್ಪ ಮೇಲಿರಲಿ. ಆಮೇಲೆ ಹಾಸ್ ಹೇಳಿದ್ದನ್ನು ಮರೆಯಬೇಡಿ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ನಡುವಿನ ಸ್ಪೀಕರ್ ಎರಡೂವರೆ ಮೀಟರ್ ದೂರವಿದ್ದು, ಪಕ್ಕದ್ದು ಒಂದೇ ಮೀಟರಿನಲ್ಲಿದ್ದರೆ ಪಕ್ಕದ ಸದ್ದು ನಾಲ್ಕು ಮಿಲಿಸೆಕೆಂಡಿಗೂ ಮೊದಲೇ ಬಂದು ಕೂರುತ್ತದೆ. ರಿಸೀವರಿನ ಸೆಟಪ್‌ನಲ್ಲಿ ಪ್ರತಿ ಸ್ಪೀಕರಿನ ದೂರವನ್ನು ಟೇಪು ಹಿಡಿದು ಅಳೆದು ತುಂಬಿಸಿ. ಉಳಿದ ತಡವನ್ನು ಅದೇ ಸೇರಿಸುತ್ತದೆ.

ಕೊಳ್ಳುವುದಾದರೆ ನನ್ನ ಮಾತು ಇಷ್ಟು. ಮುಂದಿನ ಮೂರೂ ಒಂದೇ ಕಂಪನಿಯ ಒಂದೇ ಸಾಲಿನವಾಗಿರಲಿ, ಇಲ್ಲದಿದ್ದರೆ ಎಡದಿಂದ ಬಲಕ್ಕೆ ನಡೆಯುವ ನಾಯಕಿಯ ದನಿ ನಡುವೆ ಬದಲಾಗುತ್ತದೆ. ಟಿವಿಯ ಕೆಳಗೆ ಎತ್ತರ ಇದ್ದರೆ, ಅಡ್ಡ ಮಲಗಿಸಿದ ಸೆಂಟರ್ ಸ್ಪೀಕರಿಗಿಂತ ಎಡಬಲದಂಥದ್ದೇ ಇನ್ನೊಂದನ್ನು ನೆಟ್ಟಗೆ ನಿಲ್ಲಿಸುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಅಡ್ಡದ್ದರಲ್ಲಿ ಸೋಫಾದ ತುದಿಗೆ ಕೂತವರಿಗೆ ಮಾತು ಮಾಸುವುದುಂಟು. ಸರೌಂಡಿಗೆ ಗೋಡೆಗೆ ಹತ್ತಿರವಿಡಬಹುದಾದ, ಹಿಂಬದಿಯಲ್ಲಿ ತೂತಿಲ್ಲದ ಚಿಕ್ಕ ಜೋಡಿ ಸಾಕು. ಯಾರೋ ಊರು ಬಿಡುವಾಗ ಮಾರುವ ಹಳೆಯ ಜೋಡಿಯಾದರೂ ಚಿಂತೆಯಿಲ್ಲ. ಕೋನ್ ಹರಿದಿಲ್ಲ, ಅಂಚಿನ ರಬ್ಬರ್ ಪುಡಿಯಾಗಿಲ್ಲ ಎಂದು ಬೆರಳಲ್ಲಿ ಮುಟ್ಟಿ ನೋಡಿ. ಕೈ ಬಿಗಿಯಿದ್ದರೆ ಈ ವರ್ಷ ಮುಂದಿನ ಮೂರು, ಮುಂದಿನ ವರ್ಷ ಉಳಿದದ್ದು. ತಲೆಯ ಮೇಲಿನ ಆಟ್ಮೋಸ್ ಸ್ವಂತ ಮನೆಗೆ ಇರಲಿ.

ಅಂಗಡಿಯವರು ನಿಮ್ಮನ್ನು ಕೂರಿಸಿ ಹೆಲಿಕಾಪ್ಟರ್ ಹಾರಿಸಿ ತೋರಿಸುತ್ತಾರೆ. ತೋರಿಸಲಿ. ಆಮೇಲೆ ನಿಮ್ಮ ಫೋನಿನಲ್ಲಿರುವ ಯಾವುದಾದರೂ ಕನ್ನಡ ಚಿತ್ರದ, ನೀವು ಇನ್ನೂ ನೋಡಿಲ್ಲದ ಒಂದು ಜಗಳದ ದೃಶ್ಯ ಹಾಕಿಸಿ. ಸೆಂಟರ್ ಒಂದೇ ನುಡಿಯಲಿ, ಸಬ್‌ಟೈಟಲ್ ಬೇಡ. ಕಣ್ಣು ಮುಚ್ಚಿ ಸೋಫಾದ ತುದಿಯಲ್ಲಿ ಕುಳಿತು, ಯಾರು ಯಾರಿಗೆ ಏನೆಂದು ಬೈದರು ಎಂದು ಪೂರ್ತಿ ತಿಳಿದರೆ ಬಿಲ್ ಮಾಡಿಸಿ.